ಒಂದೇ ಸಲ ಕೇಳುವ ಮನೆ

ಸಿಂಗಾಪುರಕ್ಕೆ ಹೋಗುವ ಮೊದಲು ದುರ್ಗಿಗುಡಿಯ ತ್ರಿವಿಕ್ರಮ ಶಿವಮೊಗ್ಗದ ಛತ್ರಗಳಲ್ಲಿ ಅಡುಗೆಗೂ ಬಡಿಸುವುದಕ್ಕೂ ಹೋಗುತ್ತಿದ್ದ. ಅಡುಗೆ ಅಷ್ಟಕ್ಕಷ್ಟೇ. ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಎರಡು ಸಲ ಹಾಕುವ ಪೈಕಿ. ಆದರೆ ಬಡಿಸುವುದರಲ್ಲಿ ಅವನನ್ನು ಮೀರಿಸುವವರು ಈಚೆ ಶಿಕಾರಿಪುರದಿಂದ ಆಚೆ ತರೀಕೆರೆಯವರೆಗೆ ಹುಟ್ಟಿರಲಿಲ್ಲ. ‘ಸಾಕು’ ಅಂದವರಿಗೆ ಎರಡು ಹೋಳಿಗೆ, ‘ಬೇಡವೇ ಬೇಡ’ ಅಂದವರಿಗೆ ಮೂರು. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಬಿಡುತ್ತಿದ್ದ. ಎಲೆಯ ಮೇಲೆ ಬೋರಲು ಬಿದ್ದು ತಡೆದ ಪುರೋಹಿತರೊಬ್ಬರ ಬೆನ್ನ ಮೇಲೆಯೇ ಹೋಳಿಗೆ ಇಟ್ಟು ಮುಂದೆ ಹೋದನಂತೆ. ನಿಜವೋ ಸುಳ್ಳೋ, ಆ ಪುರೋಹಿತರಂತೂ ಈ ಕಥೆಯನ್ನು ತಾವೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಇಂಥ ಮಹಾನುಭಾವ ೧೯೯೫ರಲ್ಲಿ ಯಾರದೋ ಪರಿಚಯದ ಮೇಲೆ ಸಿಂಗಾಪುರದ ಒಂದು ಶಾಕಾಹಾರಿ ಮೆಸ್ಸಿಗೆ ಕೆಲಸಕ್ಕೆ ಹೋದ. ಮಗಳು ಶ್ರೀಗೌರಿ ಆಗ ಎಸ್ಸೆಸ್ಸೆಲ್ಸಿ. ಅವಳ ಓದು, ಮದುವೆ ಎರಡೂ ಕಣ್ಣಮುಂದಿದ್ದವು, ಛತ್ರದ ಸಂಪಾದನೆಯಲ್ಲಿ ಎರಡೂ ಆಗುವಂತಿರಲಿಲ್ಲ. ಮಧ್ಯಾಹ್ನ ವಿಮಾನ ಇಳಿದು, ಟ್ರಂಕು ಹೊತ್ತು ಮೆಸ್ಸು ತಲುಪಿದಾಗ ಮಾಲೀಕ ಕೇಳಿದ, ‘ಊಟ ಮಾಡ್ತೀಯಾ?’ ತ್ರಿವಿಕ್ರಮ ಹುಟ್ಟಿ ಬೆಳೆದ ಮರ್ಯಾದೆಗೆ ತಕ್ಕಂತೆ ‘ಪರವಾಗಿಲ್ಲ, ಬೇಡ’ ಅಂದ. ಮಾಲೀಕ ‘ಸರಿ’ ಎಂದು ಪಾತ್ರೆ ಮುಚ್ಚಿ ಒಳಗೆ ಹೋದ. ತ್ರಿವಿಕ್ರಮ ಟ್ರಂಕಿನ ಮೇಲೆ ಕೂತು, ಇನ್ನೇನು ಬಂದು ಮತ್ತೆ ಕೇಳುತ್ತಾನೆ ಎಂದು ಬಾಗಿಲು ನೋಡುತ್ತಿದ್ದ. ಒಂದು ಗಂಟೆ ನೋಡಿದ, ಎರಡು ಗಂಟೆ ನೋಡಿದ. ಹೊಟ್ಟೆ ಚುರುಗುಟ್ಟಿ ಕಣ್ಣಲ್ಲಿ ನೀರು ಬಂತು. ಆ ನೀರಿನ ವಿಷಯ ಮಾತ್ರ ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಮೂರು ದಿನದಲ್ಲಿ ಪಾಠ ಕಲಿತ. ಹಸಿವಾದರೆ ಹೂಂ ಅನ್ನಬೇಕು, ಇಲ್ಲದಿದ್ದರೆ ಉಹೂಂ ಅನ್ನಬೇಕು, ಮಿಕ್ಕಿದ್ದೆಲ್ಲ ನಾಟಕ. ವರ್ಷ ಕಳೆಯುವಷ್ಟರಲ್ಲಿ ಇದು ಅವನಿಗೆ ವೇದವಾಕ್ಯವೇ ಆಯಿತು. ಮತಾಂತರ ಆದವರಿಗೆ ಹುಟ್ಟಿನಿಂದ ಬಂದವರಿಗಿಂತ ಭಕ್ತಿ ಜಾಸ್ತಿ ನೋಡಿ.

ಪ್ರತಿ ದೀಪಾವಳಿಗೆ ಊರಿಗೆ ಫೋನು ಮಾಡುತ್ತಿದ್ದ. ಅವರ ಮನೆಯಲ್ಲಿ ಫೋನು ಎಲ್ಲಿಂದ ಬರಬೇಕು? ಪಕ್ಕದ ಮನೆಯ ಉಮಾಮಹೇಶ್ವರಮ್ಮನವರ ನಡುಮನೆಗೆ ಫೋನು ಬರುತ್ತಿತ್ತು. ಹೆಂಡತಿ ಭವಾನಿ ಸೆರಗಲ್ಲಿ ಕೈ ಒರೆಸಿಕೊಂಡು ಓಡಿಬಂದು, ಉಮಕ್ಕ, ಉಮಕ್ಕನ ಸೊಸೆ, ಹಬ್ಬಕ್ಕೆ ಬಂದ ನೆಂಟರು ಎಲ್ಲರ ಕಿವಿಗಳ ನಡುವೆ ನಿಂತು ಮಾತಾಡುತ್ತಿದ್ದಳು. ತ್ರಿವಿಕ್ರಮ ಕೊನೆಗೆ ತಪ್ಪದೆ ಕೇಳುತ್ತಿದ್ದ, ‘ಸಾಕಾಗಿದೆ ಕಣೇ, ಬಂದ್ಬಿಡ್ಲಾ?’ ಭವಾನಿ ಹೇಳುತ್ತಿದ್ದಳು, ‘ಬೇಡ, ಹುಡುಗಿ ಓದು ಮುಗೀಲಿ.’ ‘ಸರಿ’ ಎಂದು ಅವನು ಫೋನು ಇಡುತ್ತಿದ್ದ. ಆರು ದೀಪಾವಳಿ, ಆರು ಪ್ರಶ್ನೆ, ಆರು ಉತ್ತರ. ರಜೆಯ ಬದಲು ಹಣ ತಗೊಂಡು ಅಲ್ಲೇ ಉಳಿದ. ನಮ್ಮ ದಾಂಪತ್ಯದಲ್ಲಿ ಗೊಂದಲವೇ ಇಲ್ಲ, ಎಲ್ಲ ಕ್ಲಿಯರ್ ಎಂದು ಮೆಸ್ಸಿನ ಜೊತೆಗಾರರ ಮುಂದೆ ಹೆಮ್ಮೆ ಬೇರೆ.

೨೦೦೧ರ ಬೇಸಿಗೆಯಲ್ಲಿ ಮಗಳ ಮದುವೆಗೆಂದು ಆರು ವಾರದ ರಜೆ ಹಾಕಿ, ವಾಪಸ್ಸು ಹೋಗುವ ಟಿಕೆಟ್ಟನ್ನೂ ಜೇಬಲ್ಲಿಟ್ಟುಕೊಂಡು ತ್ರಿವಿಕ್ರಮ ಶಿವಮೊಗ್ಗಕ್ಕೆ ಬಂದಿಳಿದ. ಊರು ಇದ್ದಲ್ಲೇ ಇತ್ತು, ಅವನ ಕಣ್ಣು ಮಾತ್ರ ಬದಲಾಗಿತ್ತು. ಬಿ.ಎಚ್. ರೋಡು ದಾಟಲು ಬಿಳಿ ಪಟ್ಟೆ ಹುಡುಕಿಕೊಂಡು ನಿಂತ. ಅಳಿಸಿಹೋದ ಪಟ್ಟೆಯ ಗುರುತು ಸಿಕ್ಕಿತು, ನಿಲ್ಲುವ ವಾಹನ ಸಿಗಲಿಲ್ಲ. ಕಾಲು ಗಂಟೆಯಾದ ಮೇಲೆ ಸೊಪ್ಪು ಮಾರುವ ಉಚ್ಚಂಗಮ್ಮ ಎದ್ದು ಬಂದು, ‘ಕಣ್ ಕಾಣಲ್ವೇನಪ್ಪ ಪಾಪ’ ಎಂದು ಕೈ ಹಿಡಿದು ದಾಟಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಕ್ಯೂ ನಿಂತ. ಅವನ ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ, ಊರಿನವರೆಲ್ಲ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದಿದ್ದರು. ಒಬ್ಬನೇ ನಿಂತು ಮಾಡುವ ಆ ಕ್ಯೂವನ್ನು ನೋಡುವುದಕ್ಕೇ ಎರಡು ದಿನ ಜನ ಬಂದರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ ಎಂದು ಬೀದಿಯವರು ನಕ್ಕರು. ನಗಲಿ, ಅದರಿಂದ ಯಾರಿಗೂ ನಷ್ಟವಿರಲಿಲ್ಲ. ನಷ್ಟ ಶುರುವಾದದ್ದು ಉಮಕ್ಕನಿಂದ. ಅವರು ಸಿಂಗಾಪುರದ ಅಳಿಯನನ್ನು ನೋಡುವವರಂತೆ ಸಂಭ್ರಮದಿಂದ ಬಂದರು. ಭವಾನಿ ಅಂಗಡಿಗೆ ಹೋಗಿದ್ದಳು.

‘ಕಾಫಿ ಕುಡೀತೀರಾ ಉಮಕ್ಕ?’ ಎಂದ ತ್ರಿವಿಕ್ರಮ.

‘ಅಯ್ಯೋ ಬೇಡಪ್ಪ, ಈಗ ತಾನೆ ಕುಡಿದು ಬಂದೆ’ ಎಂದರು ಉಮಕ್ಕ, ಸೋಫಾದಲ್ಲಿ ಕಾಫಿಗೆ ಬೇಕಾದಷ್ಟು ಆರಾಮವಾಗಿ ಕೂತುಕೊಳ್ಳುತ್ತಾ.

‘ಸರಿ’ ಎಂದು ತ್ರಿವಿಕ್ರಮನೂ ಕೂತ.

ಅರ್ಧ ಗಂಟೆ ಇಬ್ಬರೂ ಎದುರುಬದುರು ಕೂತು ಬಿಸಿಲಿನ ವಿಷಯ ಮಾತಾಡಿದರು. ಉಮಕ್ಕ ಎರಡು ಸಲ ಗಂಟಲು ಸರಿಮಾಡಿಕೊಂಡರು, ಒಂದು ಸಲ ‘ತಲೆ ಯಾಕೋ ಹಿಡ್ಕೊಂಡಂಗಿದೆ’ ಅಂದರು. ಅವನು ಸಿಂಗಾಪುರದ ಮಾತ್ರೆ ಕೊಟ್ಟ. ಆರು ವರ್ಷ ತಮ್ಮ ಮನೆಯ ಫೋನು ಕೊಟ್ಟ ಹೆಂಗಸು ಒಣ ಗಂಟಲಲ್ಲಿ ಎದ್ದು ಹೋದರು. ಸಂಜೆಯೊಳಗೆ ದುರ್ಗಿಗುಡಿಯ ಎಂಟೂ ಕ್ರಾಸಿಗೆ ಸುದ್ದಿ ಮುಟ್ಟಿತು.

ಭವಾನಿ ತಲೆ ತಲೆ ಚಚ್ಚಿಕೊಂಡಳು. ‘ಒಂದ್ ಲೋಟ ಕಾಫಿಗೆ ಇಷ್ಟು ಮಾನ ಹೋಗ್ಬೇಕಾ ರೀ?’

‘ಬೇಡ ಅಂದ್ರಲ್ಲ!’

‘ಬೇಡ ಅಂತಾರೆ. ಅಂದ್ರೆ ಬೇಡ ಅಂತಾನಾ?’

‘ಮತ್ತೆ ಬೇಡ ಅನ್ನೋದನ್ನ ಬೇರೆ ಯಾವ ಭಾಷೇಲಿ ಹೇಳ್ಬೇಕು? ಈ ದೇಶ ಉದ್ಧಾರ ಆಗ್ದೆ ಇರೋದು ಇದಕ್ಕೇ ಕಣೇ. ಒಬ್ಬರ ಬಾಯಲ್ಲಾದ್ರೂ ನೆಟ್ಟಗೆ ಒಂದು ಮಾತು ಬರಲ್ಲ.’

ಎರಡನೇ ಸಲ ಕೇಳುವುದೇ ರಾಷ್ಟ್ರೀಯ ರೋಗ ಎಂದು ಅವನು ಅವತ್ತೇ ಕಂಡುಹಿಡಿದ. ಬಲವಂತದಿಂದ ಬಡಿಸುತ್ತಾರೆ, ಅರ್ಧ ತಿಂದು ಎಲೆ ಮಡಿಸುತ್ತಾರೆ, ತಿಪ್ಪೆಗೆ ತುಪ್ಪದ ಅಭಿಷೇಕ. ಅವನ ಮೆಸ್ಸಿನಲ್ಲಿ ತಟ್ಟೆಯಲ್ಲಿ ಬಿಟ್ಟವರಿಗೆ ದಂಡವಿತ್ತಂತೆ. ಈ ರೋಗವನ್ನು ಹತ್ತು ವರ್ಷ ಹಂಚಿದ ಮುಖ್ಯ ವೈದ್ಯ ತಾನೇ ಎನ್ನುವುದನ್ನು ಮಾತ್ರ ಮರೆತಿದ್ದ. ಚಿಕಿತ್ಸೆ ಎಲ್ಲಿ ಶುರುಮಾಡುವುದು? ಬೇರೆಲ್ಲಿ, ಮಗಳ ಮದುವೆಯಲ್ಲೇ.

ಬೀಗರು ಭದ್ರಾವತಿಯವರು. ವರನ ತಂದೆ ಲಕ್ಷ್ಮೀಕಾಂತ ರಾಯರು ಕಾರ್ಖಾನೆಯ ಕಚೇರಿಯಲ್ಲಿ ಹೆಡ್‌ಕ್ಲರ್ಕ್ ಆಗಿ ರಿಟೈರಾದವರು, ಮೂವತ್ತು ವರ್ಷ ಕಡತಕ್ಕೆ ನೋಟು ಬರೆದ ಗಾಂಭೀರ್ಯ ಮುಖದಿಂದ ಇನ್ನೂ ಇಳಿದಿರಲಿಲ್ಲ. ಮಗ ಅತುಲ್ ಕಾಲೇಜಿನಲ್ಲಿ ಮೇಷ್ಟ್ರು. ಒಳ್ಳೆಯ ಸಂಬಂಧ. ಗಂಡ ಊರಲ್ಲಿಲ್ಲದಾಗ ಭವಾನಿ ಒಬ್ಬಳೇ ನಾಲ್ಕು ಮನೆ ಮೆಟ್ಟಿಲು ಹತ್ತಿ ಇಳಿದು ಕುದುರಿಸಿದ್ದಳು.

ಅವಳು ಗಂಡನಿಗೆ ಮೊದಲೇ ಹೇಳಿದಳು, ‘ನೋಡಿ, ನಾಳೆ ಆ ಮನೇಲಿ ಬಾಳ್ಬೇಕಾದೋಳು ನಮ್ಮ ಹುಡುಗಿ. ಊಟದಲ್ಲಿ ಒಂದು ಹೆಚ್ಚುಕಮ್ಮಿ ಆದ್ರೆ ಜನ್ಮ ಪೂರ್ತಿ ಅವಳು ಕೇಳ್ಬೇಕಾಗುತ್ತೆ. ನಿಮ್ಮ ಪ್ರಯೋಗ ಎಲ್ಲ ಬೇರೆಯವರ ಮದುವೇಲಿ ಇಟ್ಕೊಳ್ಳಿ.’

ಅವನು ತಲೆಯಾಡಿಸಿದ. ತಲೆಯಾಡಿಸಿ ನೆಟ್ಟಗೆ ಛತ್ರದ ಅಡುಗೆಮನೆಗೆ ಹೋಗಿ, ಹಳೆಯ ಜೊತೆಗಾರ, ಈಗಿನ ಮುಖ್ಯ ಅಡುಗೆಯವರಾದ ಭೀಮೇಶಾಚಾರ್ರ ಎದುರು ಬಡಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಮೊದಲ ಸುತ್ತು ಎಲ್ಲರಿಗೂ ಬಡಿಸುವುದು. ಆಮೇಲೆ ಪ್ರತಿಯೊಂದಕ್ಕೂ ಒಂದೇ ಸಲ ಕೇಳುವುದು. ಬೇಡ ಅಂದರೆ ಮುಂದಿನ ಎಲೆ.

ಭೀಮೇಶಾಚಾರ್ರು ಸೌಟು ಕೆಳಗಿಟ್ಟರು. ‘ಮಾರಾಯ, ಬೀಗರ ಪಂಕ್ತಿ ಕಣೋ. ಅವರು ಬಾಯಿ ಬಿಟ್ಟು ಹಾಕಿ ಅಂತಾರೇನೋ?’

‘ಬೇಕಾದ್ರೆ ಅನ್ನಲಿ. ನಾಲಿಗೆ ಇದೆಯಲ್ಲ.’

‘ನಿಂಗೆ ಆ ದೇಶದಲ್ಲಿ ಏನೋ ಮಾಡಿಸಿದಾರೆ ಕಣೋ’ ಎಂದು ಆಚಾರ್ರು ಮತ್ತೆ ಒಲೆಯ ಕಡೆ ತಿರುಗಿದರು.

ಮದುವೆಯ ದಿನ ಧಾರೆ ಸುಸೂತ್ರವಾಗಿ ಆಯಿತು. ಹನ್ನೆರಡೂವರೆಗೆ ಬೀಗರ ಪಂಕ್ತಿ. ಅರವತ್ತು ಎಲೆ. ನಟ್ಟನಡುವೆ ಲಕ್ಷ್ಮೀಕಾಂತ ರಾಯರು. ಕೋಸಂಬರಿ, ಪಲ್ಯ, ಒಂದು ಹಿಡಿ ಅನ್ನ, ತೊವ್ವೆ ಎಲ್ಲ ಬಂತು. ಆಮೇಲೆ ಬಂತು ಚಿರೋಟಿ, ಹಿಂದೆಯೇ ಬಾದಾಮಿ ಹಾಲು. ಭೀಮೇಶಾಚಾರ್ರ ಚಿರೋಟಿ ಎಂದರೆ ಮುಟ್ಟಿದರೆ ಪದರ ಉದುರಬೇಕು.

‘ಚಿರೋಟಿ?’

ರಾಯರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ‘ಬೇಡ ಬೇಡ’ ಎಂದರು. ಹಾಗೆ ಹಿಡಿದ ಕೈಯ ಬೆರಳುಗಳು ಎಷ್ಟು ಅಗಲವಾಗಿದ್ದವೆಂದರೆ ಸಂದಿಯಲ್ಲಿ ಒಂದು ಚಿರೋಟಿ ಧಾರಾಳವಾಗಿ ಹಿಡಿಸುತ್ತಿತ್ತು. ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಅದರ ಅರ್ಥ ಗೊತ್ತು. ಬಡಿಸುವವನಿಗೂ ಗೊತ್ತಿತ್ತು. ಆದರೆ ಕಂಬದ ಪಕ್ಕದಲ್ಲಿ ವಾಚು ಹಿಡಿದು ತ್ರಿವಿಕ್ರಮ ನಿಂತಿದ್ದ. ಬಡಿಸುವವನು ಮುಂದಿನ ಎಲೆಗೆ ಹೋದ. ರಾಯರ ಕೈ ಗಾಳಿಯಲ್ಲಿ ಹಾಗೇ ಉಳಿಯಿತು. ಹಿರಿಯರೇ ಬೇಡ ಅಂದ ಮೇಲೆ ಪಕ್ಕದ ಭಾವಮೈದ ಹೂಂ ಅನ್ನುವುದು ಹೇಗೆ? ಅವನೂ ಬೇಡ ಅಂದ. ಅವನ ಪಕ್ಕದವರು, ಎದುರಿನವರು, ಹೆಂಗಸರ ಸಾಲು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೇಡ ಬೇಡ ಬೇಡ. ಸಾರಿಗೆ ಅನ್ನ? ಬೇಡ. ಹುಳಿ? ಬೇಡ. ಬೋಂಡ? ಅದಕ್ಕೂ ಬೇಡ, ಕಣ್ಣು ಮಾತ್ರ ತಟ್ಟೆಯ ಹಿಂದೆ ಹೋಯಿತು.

ಹದಿನೆಂಟು ನಿಮಿಷಕ್ಕೆ ಪಂಕ್ತಿ ಎದ್ದಿತು. ತ್ರಿವಿಕ್ರಮ ಎಲೆಗಳನ್ನು ನೋಡಿಕೊಂಡು ಬಂದ. ಒಂದು ಅಗುಳು ಬಿಟ್ಟಿರಲಿಲ್ಲ. ಕರಿಬೇವೂ ಇರಲಿಲ್ಲ!

‘ನೋಡಿದ್ರಾ ಆಚಾರ್ರೇ? ಸಿಂಗಾಪುರದಲ್ಲೂ ಇಷ್ಟು ಕ್ಲೀನ್ ಎಲೆ ನಾನು ಕಂಡಿಲ್ಲ!’

‘ಕಾಣ್ತಾ ಇದೆ’ ಎಂದರು ಆಚಾರ್ರು, ಗುಡ್ಡದಂತೆ ಉಳಿದ ಚಿರೋಟಿಯನ್ನು ನೋಡುತ್ತಾ.

ಕೈ ತೊಳೆಯುವ ಜಾಗದಲ್ಲಿ ಭವಾನಿ ಓಡಿಬಂದು ‘ಊಟ ಸರಿ ಆಯ್ತಾ?’ ಎಂದು ಕೇಳಿದಳು. ‘ಆಯ್ತಮ್ಮ. ನಿಮ್ಮ ಯಜಮಾನ್ರು ಗಡಿಯಾರ ಹಿಡ್ಕೊಂಡು ನಿಂತಿದ್ರಲ್ಲ, ಬೇಗನೇ ಆಯ್ತು’ ಎಂದರು ರಾಯರು. ತಾಂಬೂಲದ ತಟ್ಟೆ ಮುಟ್ಟಲಿಲ್ಲ. ವಧೂವರರು ಒಟ್ಟಿಗೆ ಕೂತು ಉಣ್ಣುವ ಭೂಮದ ಎಲೆ ಇನ್ನೂ ಹಾಕಿರಲಿಲ್ಲ, ಅಷ್ಟರಲ್ಲೇ ‘ರಾಹುಕಾಲದೊಳಗೆ ಮನೆ ಸೇರಬೇಕು’ ಎಂದು ಬೀಗರು ಹೊರಟೇಬಿಟ್ಟರು. ಅವತ್ತು ರಾಹುಕಾಲ ಬೆಳಿಗ್ಗೆಯೇ ಮುಗಿದಿತ್ತು. ಶ್ರೀಗೌರಿ ತಾಯಿಯ ಕೈ ಹಿಡಿದುಕೊಂಡು ಅಳುತ್ತಾ, ಉಪವಾಸದಲ್ಲೇ ಬಸ್ಸು ಹತ್ತಿದಳು.

ನಾಲ್ಕು ಗಂಟೆಗೆ ಬಸ್ಸಿನ ಡ್ರೈವರ್ ಧರ್ಮಪ್ಪ ಬಸ್ಸಿನಲ್ಲಿ ಮರೆತುಹೋದ ಬೀಗರ ಛತ್ರಿ ಕೊಡಲು ಛತ್ರಕ್ಕೆ ಬಂದ. ಛತ್ರಿ ನೆಪ. ಹೊಟ್ಟೆಯಲ್ಲಿದ್ದ ಸುದ್ದಿ ಇಳಿಸದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

‘ಏನ್ ಕಥೆ ಆಚಾರ್ರೇ! ಮಾಚೇನಹಳ್ಳಿ ಹತ್ರ ನಿಲ್ಸು ಅಂದ್ರು. ಫ್ಯಾಕ್ಟರಿ ಜನ ಟೀ ಕುಡಿಯೋ ಹೋಟ್ಲು. ಅರವತ್ತು ಜನಾನೂ ಇಳಿದ್ರು, ರೇಷ್ಮೆ ಸೀರೆ, ಜರಿ ಪಂಚೆ, ಎಲ್ಲಾ. ಇದ್ದಬದ್ದ ಇಡ್ಲಿ ಖಾಲಿ, ಬನ್ನು ಖಾಲಿ. ಹೋಟ್ಲಿನವ್ನು ಕೇಳ್ದ, ಯಾರದ್ದಾದ್ರೂ ಮದುವೆಗೆ ಹೊರಟ್ರಾ ಅಂತ. ರಾಯರು ಅಂದ್ರು, ಇಲ್ಲಪ್ಪ, ಮದುವೆ ಊಟ ಮುಗಿಸಿಕೊಂಡು ಬಂದ್ವಿ!’

ಅಡುಗೆಮನೆಯಲ್ಲಿ ಯಾರೂ ನಗಲಿಲ್ಲ. ‘ಹುಡುಗಿ ಏನಾದ್ರೂ ತಿಂದ್ಳಾ?’ ಎಂದು ಭವಾನಿ ಕೇಳಿದಳು.

ಧರ್ಮಪ್ಪ ತಲೆ ಕೆರೆದುಕೊಂಡ. ‘ಹುಡುಗಿ ಬಸ್ಸಲ್ಲೇ ಕೂತಿತ್ತು ಅಕ್ಕ. ರಾಯರ ತಂಗಿ ಬಂದು ನಿಂಗೇನಾದ್ರೂ ಬೇಕೇನಮ್ಮ ಅಂದ್ರು. ಪಾಪ, ಮದುಮಗಳು, ಹೆಂಗೆ ಹೂಂ ಅನ್ನುತ್ತೆ? ಬೇಡ ಅಂತು. ಅದಕ್ಕೆ ಅವ್ರು, ಸರಿ ಬಿಡು, ನಿಮ್ಮನೇಲಿ ಒಂದೇ ಸಲ ತಾನೆ ಕೇಳೋದು ಅಂತ ಹೇಳಿ ಇಳಿದ್ಹೋದ್ರು. ಅಳಿಯಂದ್ರು ಒಂದು ಬನ್ನು ತರೋಕೆ ಹೊರಟ್ರು, ಅವರಮ್ಮ ಕಣ್ಣು ಬಿಟ್ಟ ಮೇಲೆ ಕೂತ್ಕೊಂಡ್ರು.’

ತ್ರಿವಿಕ್ರಮನಿಗೆ ಬಸ್ಸಿನ ಸೀಟಿನಲ್ಲಿ ಕೂತು, ಇನ್ನೇನು ಯಾರಾದರೂ ಬಂದು ಮತ್ತೆ ಕೇಳುತ್ತಾರೆ ಎಂದು ಬಾಗಿಲು ನೋಡುವ ಮಗಳು ಕಣ್ಣಿಗೆ ಕಟ್ಟಿದಳು. ಆ ಬಾಗಿಲು ಅವನಿಗೆ ಗೊತ್ತು. ಆ ಹಸಿವೂ ಗೊತ್ತು. ಭವಾನಿ ಬೈದಿದ್ದರೆ ಚೆನ್ನಾಗಿತ್ತು, ಅವಳು ಸುಮ್ಮನೆ ಗೋಡೆಗೆ ಒರಗಿ ಕೂತಳು.

ತ್ರಿವಿಕ್ರಮ ವಾಚು ಬಿಚ್ಚಿ ಆಚಾರ್ರ ಮಸಾಲೆ ಡಬ್ಬದ ಪಕ್ಕ ಇಟ್ಟ. ಅಂಗಿ ತೆಗೆದ. ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ಟವೆಲು ಬಿಗಿದ. ‘ಆಚಾರ್ರೇ, ಚಿರೋಟಿ ತುಂಬಿಸಿ. ಹಾಲು, ಬೋಂಡ, ಪುಳಿಯೋಗರೆ, ಎಲೆ ಕಟ್ಟು ಎಲ್ಲ ಬಸ್ಸಿಗೆ ಹಾಕಿ. ಧರ್ಮಪ್ಪ, ಭದ್ರಾವತಿಗೆ ಹೊಡಿ.’

‘ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ನಿಂಗೆ ಬಂದಿದ್ದ ರೋಗ ಈಗ ಬಿಡ್ತು ನೋಡು’ ಎಂದು ಆಚಾರ್ರು ತಾವೇ ಹಾಲಿನ ಕೊಳದಪ್ಪಲೆ ಎತ್ತಿಕೊಂಡರು.

ರಾಯರ ಮನೆಯ ಜಗುಲಿಯಲ್ಲಿ ಇಡೀ ಬಳಗ ಕೂತಿತ್ತು. ಹೆಣ್ಣಿನ ತಂದೆಯೇ ಬರಿಮೈಯಲ್ಲಿ ಚಿರೋಟಿಯ ಬುಟ್ಟಿ ಹೊತ್ತು ಬಸ್ಸಿಳಿಯುವುದನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ.

‘ರಾಯರೇ, ತಪ್ಪಾಯ್ತು. ಎಲೆ ಹಾಕಿಸ್ತೀನಿ, ಏಳ್ಬೇಕು.’

‘ಬೇಡ. ಊಟ ಆಗಿದೆ’ ಎಂದರು ರಾಯರು, ಕಡತ ವಾಪಸ್ಸು ಕಳಿಸುವ ದನಿಯಲ್ಲಿ.

‘ಊಟ ಬೇಡ, ಬರೀ ಒಂದು ಚಿರೋಟಿ.’

‘ಬೇಡ ಅಂದೆನಲ್ಲ.’

‘ನೀವು ಬೇಡ ಅನ್ನಿ ರಾಯರೇ, ಅನ್ನೋದು ನಿಮ್ಮ ಧರ್ಮ. ಕೇಳೋದು ನನ್ನ ಧರ್ಮ. ನಿಮ್ಮನೆ ಸೊಸೆ ಬೆಳಗಿಂದ ಉಪವಾಸ ಇದಾಳೆ, ಅವಳ ಮುಖ ನೋಡಿಯಾದ್ರೂ ಎಲೆ ಮುಂದೆ ಕೂತ್ಕೊಳ್ಳಿ.’

ರಾಯರು ಬೇಡ ಅಂದರು. ಅವನು ಕೇಳಿದ. ಮತ್ತೆ ಬೇಡ ಅಂದರು. ಮತ್ತೆ ಕೇಳಿದ. ಕೈ ಹಿಡಿದು ಎಳೆದ, ಭಾವಮೈದನನ್ನು ಕೂರಿಸಿದ, ಹೆಂಗಸರಿಗೆ ಕೈ ಮುಗಿದ, ಹಾಡಿ ಹೊಗಳಿದ, ಗದರಿದ. ಏಳನೇ ಸಲಕ್ಕೆ ರಾಯರು ‘ಏನ್ರೀ ಇದು ಬಲವಂತ!’ ಎಂದು ಎದ್ದು, ಎಲೆಯ ಮುಂದೆ ಕೂತರು. ಕೂತು ಮತ್ತೆ ಕೈ ಅಡ್ಡ ಹಿಡಿದರು, ಅದೇ ಅಗಲ ಬೆರಳು. ತ್ರಿವಿಕ್ರಮ ಬೆರಳ ಸಂದಿಯಲ್ಲಿ ಚಿರೋಟಿ ಇಳಿಸಿ, ಮೇಲೆ ಹಾಲು ಸುರಿದ. ಆರು ವರ್ಷ ಮುಟ್ಟದಿದ್ದ ವಿದ್ಯೆ, ಕೈ ಮರೆತಿರಲಿಲ್ಲ. ‘ಅಯ್ಯಯ್ಯೋ, ಸಾಯಿಸ್ತೀರೇನ್ರೀ!’ ಎಂದು ರಾಯರು ಕೂಗಿಕೊಂಡರು. ಆ ಮುಖದಲ್ಲಿ ಮೂವತ್ತು ವರ್ಷದಲ್ಲಿ ಯಾವ ಆಫೀಸರೂ ಕಾಣದ ಸಂತೋಷವಿತ್ತು.

ಕೊನೆಯಲ್ಲಿ ಮಗಳು ಅಳಿಯನಿಗೆ ಭೂಮದ ಎಲೆ ಹಾಕಿಸಿದ. ಶ್ರೀಗೌರಿ ಗಬಗಬನೆ ತಿನ್ನುವುದನ್ನು ಮರೆಮಾಡಲು ತಲೆ ತಗ್ಗಿಸಿದ್ದಳು. ‘ಇನ್ನೊಂದು ಹಾಕ್ಲೇನಮ್ಮ?’ ‘ಬೇಡಪ್ಪ, ಸಾಕು.’ ಎರಡು ಹಾಕಿದ. ಅವಳು ತಲೆಯೆತ್ತಿ ನೋಡಿ ನಕ್ಕಳು. ಅವಳ ಅತ್ತೆ ತಾವಾಗಿಯೇ ತುಪ್ಪದ ಗಿಂಡಿ ತಂದು ಸೊಸೆಯ ಎಲೆಗೆ ಬಿಟ್ಟರು. ಅತುಲ್‌ನ ಎಲೆಯಲ್ಲಿ, ರಾಯರ ಎಲೆಯಲ್ಲಿ, ಸಾಲಿನ ಎಲ್ಲ ಎಲೆಗಳಲ್ಲಿ ಅರ್ಧರ್ಧ ಚಿರೋಟಿ ಹಾಲಿನಲ್ಲಿ ತೇಲುತ್ತಿತ್ತು. ಆ ಎಲೆಗಳನ್ನು ತ್ರಿವಿಕ್ರಮನೇ ಎತ್ತಿದ. ಹೊಟ್ಟೆ ಉರಿಯಿತು. ಬಾಯಿ ಬಿಡಲಿಲ್ಲ.

ದೀಪ ಹಚ್ಚಿದ ಮೇಲೆ ಮನೆಗೆ ಬಂದ. ಭವಾನಿ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಗೋಡೆಯ ಗೂಡಿನಲ್ಲಿ ಪಾಸ್‌ಪೋರ್ಟು, ಅದರೊಳಗೆ ಮುಂದಿನ ಗುರುವಾರದ ಟಿಕೆಟ್ಟು.

‘ಏಳು ಸಲ ಕೇಳಿದೆ ಕಣೇ ರಾಯರನ್ನ! ಏಳು ಸಲ!’ ಎಂದ, ಪದಕ ಗೆದ್ದವನಂತೆ. ‘ಆಮೇಲೆ ಎದ್ದು ಬಂದ್ರು. ಹುಡುಗಿ ಹೊಟ್ಟೆ ತುಂಬ ತಿಂದ್ಳು.’

‘ಒಳ್ಳೇದಾಯ್ತು’ ಎಂದಳು ಭವಾನಿ. ಗೂಡಿನ ಕಡೆ ನೋಡಿ, ‘ನನ್ನ ಎಷ್ಟು ಸಲ ಕೇಳಿದ್ರಿ?’ ಎಂದಳು.

‘ಏನನ್ನ?’

‘ದೀಪಾವಳೀಲಿ. ಬಂದ್ಬಿಡ್ಲಾ ಅಂತ.’

‘ಪ್ರತಿ ವರ್ಷ ಕೇಳಿದೀನಿ. ನೀನೇ ಬೇಡ ಅಂದೆ.’

‘ಉಮಕ್ಕನ ಮನೆ ನಡುಮನೇಲಿ, ಅಷ್ಟು ಜನದ ಎದುರಿಗೆ, ಬನ್ನಿ, ನನಗೆ ನೀವಿಲ್ದೆ ಆಗಲ್ಲ ಅಂತ ಹೇಳ್ಬೇಕಿತ್ತಾ? ಒಂದು ಸಲ ಬೇಡ ಅಂದೆ. ಇನ್ನೊಂದು ಸಲ ಕೇಳ್ತೀರೇನೋ ಅಂತ ಫೋನು ಕಿವೀಲೇ ಹಿಡ್ಕೊಂಡಿದ್ದೆ. ಸರಿ ಅಂತ ಇಟ್ಬಿಟ್ರಿ. ಆರು ವರ್ಷಾನೂ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ. ಭವಾನಿಯ ಎದುರು ನೆಲದ ಮೇಲೆ ಕೂತ. ಮೈಯೆಲ್ಲ ತುಪ್ಪದ ವಾಸನೆ.

‘ಗುರುವಾರ ಹೋಗಲ್ಲ. ಇಲ್ಲೇ ಇದ್ದುಬಿಡ್ಲಾ?’

‘ಬೇಡ. ಇಲ್ಲಿ ನಿಮಗೆ ಯಾವುದೂ ಸರಿ ಬರಲ್ಲ.’

‘ಇದ್ದುಬಿಡ್ಲಾ?’

‘ಬೇಡ ಅಂದ್ನಲ್ಲ. ರೋಡು ದಾಟೋಕೂ ಬರಲ್ಲ ನಿಮಗೆ.’

‘ಉಚ್ಚಂಗಮ್ಮ ದಾಟಿಸ್ತಾಳೆ. ಇದ್ದುಬಿಡ್ಲಾ ಭವಾನಿ?’

ಅವಳು ಎದ್ದು ಸೆರಗಲ್ಲಿ ಕಣ್ಣು ಒರೆಸಿಕೊಂಡು, ‘ಬೆಳಗಿಂದ ನೀವೂ ಏನೂ ತಿಂದಿಲ್ಲ’ ಎಂದು ಎರಡು ಎಲೆ ಹಾಕಿದಳು. ಅನ್ನ ಬಡಿಸಿದಳು, ಹುಳಿ ಬಡಿಸಿದಳು. ಅವನು ‘ಸಾಕು ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿದ. ಭವಾನಿ ಅವನ ಕೈಯನ್ನು ಪಕ್ಕಕ್ಕೆ ತಳ್ಳಿ ಇನ್ನೊಂದು ಸೌಟು ಹಾಕಿದಳು.